ಕ್ಯಾಶ್ ಹಾಕೋಕೆ ಅಂತ ಸರ್ವಿಸ್‌ನ ಸಿಂಗಲ್‌ಟನ್ ಮಾಡ್ಬೇಡಿ

ಡಾಟ್‌ನೆಟ್‌ನಲ್ಲಿ (ಮೈಕ್ರೋಸಾಫ್ಟ್‌ನ ಆ್ಯಪ್ ಕಟ್ಟೋ ಪ್ಲಾಟ್‌ಫಾರ್ಮ್) ಕೆಲ್ಸ ಮಾಡೋರು ದಯವಿಟ್ಟು ಓದಿ, ನಮಗಾಗಿದ್ದು ನಿಮಗಾಗ್ಬಾರ್ದು.

ಮೈಸೂರು ಹೆಬ್ಬಾಳದಲ್ಲಿ ಚಿಕ್ಕ ಆಫೀಸ್ ನಮ್ದು. ಮಂಡ್ಯ ಕಡೆ ಕಬ್ಬು ಬೆಳೆಯೋರಿಗೆ ಎಷ್ಟು ಟನ್ ಹೋಯ್ತು, ಬಾಕಿ ದುಡ್ಡೆಷ್ಟು ಅಂತ ಮೊಬೈಲಲ್ಲಿ ತೋರಿಸೋ ಆ್ಯಪ್ ಮಾಡಿದ್ವಿ. ಕಟಾವು ಶುರುವಾಗಿ ಡೇಟಾಬೇಸ್ ಮೇಲೆ ಲೋಡ್ ಜಾಸ್ತಿ ಆಯ್ತು ಅಂತ ನಾನೇ ಐಮೆಮೊರಿಕ್ಯಾಶ್ (ಒಮ್ಮೆ ತಂದ ಡೇಟಾನ ಸರ್ವರ್ ಮೆಮೊರಿಲೇ ಇಟ್ಕೊಳೋ ಕ್ಯಾಶ್) ಸೇರಿಸ್ದೆ, ಕ್ಯಾಶ್ ಉಳ್ಕೋಬೇಕಲ್ಲ ಅನ್ಕೊಂಡು ಸ್ಕೋಪ್ಡ್ (ಪ್ರತಿ ರಿಕ್ವೆಸ್ಟ್‌ಗೂ ಹೊಸದು) ಆಗಿದ್ದ, ಲೆಕ್ಕ ಕೊಡೋ ಬಿಲ್ ಸರ್ವಿಸ್‌ನೂ ಸಿಂಗಲ್‌ಟನ್ (ಆ್ಯಪ್ ನಡೆಯೋವರೆಗೂ ಎಲ್ಲರಿಗೂ ಒಂದೇ) ಮಾಡ್ಬಿಟ್ಟೆ.

ಮಾರನೇ ದಿನ ಬೆಳಿಗ್ಗೆನೇ ಒಬ್ರು ಫೋನು, "ಸಾ, ನಾನ್ ಹಾಕಿರೋದು 42 ಟನ್ನು, ಇದ್ರಲ್ಲಿ 118 ಅಂತ ತೋರುಸ್ತದೆ, ಹೆಸ್ರೂ ನಂದಲ್ಲ." ಸರ್ವರ್ ರೀಸ್ಟಾರ್ಟ್ ಮಾಡಿದ್ವಿ, ಆಮೇಲೆ ನೋಡಿದ್ರೆ ಎಲ್ಲರಿಗೂ ಈಗ ಬೇರೆ ಒಬ್ಬ ರೈತರದೇ ಲೆಕ್ಕ ಕಾಣ್ತಿತ್ತು! ಯಾರ ಸಾಲ, ಯಾರ ಬಾಕಿ ಅನ್ನೋದು ಊರೋರ ಮುಂದೆ ಬರೋ ವಿಷಯನಾ, ಇವತ್ತಿಗೂ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ.

ಆಗಿದ್ದೇನಂದ್ರೆ, ಲಾಗಿನ್ ಆದವರ ಐಡಿ ಇಟ್ಕೊಳೋ ಕ್ಲಾಸ್ ಸ್ಕೋಪ್ಡ್, ಅಂದ್ರೆ ಪ್ರತಿ ರಿಕ್ವೆಸ್ಟ್‌ಗೂ ಹೊಸದಾಗಿ ಹುಟ್ಟಬೇಕು. ಬಿಲ್ ಸರ್ವಿಸ್ ಅದನ್ನ ಕನ್‌ಸ್ಟ್ರಕ್ಟರಲ್ಲಿ, ಅಂದ್ರೆ ತಾನು ಹುಟ್ಟೋವಾಗ ಒಂದೇ ಸಲ, ತಗೊಳ್ತಿತ್ತು. ಸಿಂಗಲ್‌ಟನ್ ಆದ್ಮೇಲೆ ಮೊದಲು ಬಂದವರ ಐಡಿನ ಹಿಡ್ಕೊಂಡು ಕೂತ್ಬಿಡ್ತು, ಕ್ಯಾಶ್ ಕೀ (ಕ್ಯಾಶಲ್ಲಿ ಡೇಟಾ ಹುಡುಕೋ ಹೆಸ್ರು) ಕೂಡ ಅದೇ ಐಡಿಯಿಂದ ಆಗ್ತಿದ್ರಿಂದ ಸರ್ವರ್ ನಿಲ್ಲೋವರೆಗೂ ಎಲ್ಲರಿಗೂ ಅವರೊಬ್ಬರದೇ ಲೆಕ್ಕ.

ಇಂಥ ತಪ್ಪನ್ನ, ಈ ಸರ್ವಿಸ್‌ಗಳನ್ನ ಹುಟ್ಟಿಸಿ ಕೊಡೋ ಡಾಟ್‌ನೆಟ್ ಕಂಟೇನರ್ರೇ ಹಿಡೀಬೇಕಿತ್ತು, ಹಿಡಿಯುತ್ತೆ ಕೂಡ, ಆದ್ರೆ ಡೀಫಾಲ್ಟ್ ಆಗಿ ಎನ್ವಿರಾನ್ಮೆಂಟ್ (ಆ್ಯಪ್ ಎಲ್ಲಿ ಓಡ್ತಿದೆ ಅಂತ ಹೇಳೋ ಸೆಟ್ಟಿಂಗ್) ಹೆಸ್ರು 'ಡೆವಲಪ್‌ಮೆಂಟ್' ಅಂತ ಇದ್ರೆ ಮಾತ್ರ. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಯಾರೋ ಯಾವಾಗ್ಲೋ 'ಲೋಕಲ್' ಅಂತ ಬದಲಾಯಿಸಿದ್ರು, ಹಂಗಾಗಿ ಸ್ಕೋಪ್ ಚೆಕ್ಕೇ ಆಗಿಲ್ಲ. ಒಬ್ನೇ ಲಾಗಿನ್ ಆಗಿ ಟೆಸ್ಟ್ ಮಾಡಿದ್ರೆ ಎಲ್ಲಾ ಸರಿಯಾಗೇ ಕಾಣುತ್ತೆ, ನನಗೂ ಹಂಗೇ ಕಾಣ್ತು.

ಸರಿ ಮಾಡಿದ್ದು ಹಿಂಗೆ. ಸ್ಟಾರ್ಟಪ್ ಕೋಡಲ್ಲಿ ಆಡ್‌ಮೆಮೊರಿಕ್ಯಾಶ್ ಅಂತ ಹಾಕಿದ್ರೆ ಕ್ಯಾಶ್ ತಾನೇ ಸಿಂಗಲ್‌ಟನ್ ಆಗಿರುತ್ತೆ, ಅದನ್ನ ಬಳಸೋ ಸರ್ವಿಸ್ ಸ್ಕೋಪ್ಡ್ ಆಗಿದ್ರೂ ಕ್ಯಾಶ್ ಎಲ್ಲೂ ಹೋಗಲ್ಲ, ನನಗೆ ಇದೊಂದು ಗೊತ್ತಿದ್ದಿದ್ರೆ ಸಾಕಾಗಿತ್ತು. ಬಿಲ್ ಸರ್ವಿಸ್‌ನ ವಾಪಸ್ ಸ್ಕೋಪ್ಡ್ ಮಾಡಿ, ರೈತರ ಐಡಿನ ಮೆಥಡ್‌ಗೇ ಕೊಟ್ಟು, ಅದ್ರಿಂದ್ಲೇ ಕೀ ಕಟ್ತೀವಿ ಈಗ. ವ್ಯಾಲಿಡೇಟ್‌ಸ್ಕೋಪ್ಸ್, ವ್ಯಾಲಿಡೇಟ್‌ಆನ್‌ಬಿಲ್ಡ್ ಅನ್ನೋ ಕಂಟೇನರ್ ಚೆಕ್ ಎರಡನ್ನೂ ಎಲ್ಲಾ ಎನ್ವಿರಾನ್ಮೆಂಟಲ್ಲೂ ಆನ್ ಮಾಡಿದೀವಿ, ತಪ್ಪಿದ್ರೆ ಆ್ಯಪ್ ಸ್ಟಾರ್ಟೇ ಆಗಲ್ಲ. ಟೆಸ್ಟಲ್ಲೂ ಇಬ್ಬರು ಬೇರೆಬೇರೆ ರೈತರ ಹೆಸ್ರಲ್ಲಿ ಒಂದಾದ್ಮೇಲೊಂದು ಲಾಗಿನ್ ಆಗಿ ನೋಡ್ತೀವಿ.

ಆ 118 ಟನ್‌ನೋರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ. ನೀವು ನಿಮ್ಮ ಲಾಂಚ್‌ಸೆಟ್ಟಿಂಗ್ಸ್ ಫೈಲಲ್ಲಿ ಎನ್ವಿರಾನ್ಮೆಂಟ್ ಹೆಸ್ರು ಏನಿದೆ ಅಂತ ಇವತ್ತೇ ನೋಡ್ಕೊಳಿ.