ಡರ್ಬಿ ‘ಒಳಸುದ್ದಿ’ಗೆ ಹಣ ಕಟ್ಟುವ ಮುನ್ನ ಓದಿ

ಮುಂಬೈನ ಮಹಾಲಕ್ಷ್ಮಿ ರೇಸ್ ಕೋರ್ಸಿನಲ್ಲಿ ವಾಡಿಕೆಯಂತೆ ಫೆಬ್ರುವರಿಯ ಮೊದಲ ಭಾನುವಾರ ನಡೆಯುವ ಇಂಡಿಯನ್ ಡರ್ಬಿ ಎಂಬ ಕುದುರೆ ಓಟ ಹತ್ತಿರವಾಗುತ್ತಿದ್ದಂತೆ, ವಾಟ್ಸ್‌ಆ್ಯಪ್ ಮತ್ತು ಟೆಲಿಗ್ರಾಂನಲ್ಲಿ ‘ಲಾಯದ ಒಳಸುದ್ದಿ’ ಮಾರುವ ಗುಂಪುಗಳು ತಲೆಯೆತ್ತುತ್ತವೆ. ಅಂಥ ಒಂದು ಗುಂಪಿಗೆ ಬೆಂಗಳೂರಿನಲ್ಲಿರುವ ನಾನೂ ಮೈಸೂರಿನಲ್ಲಿರುವ ನನ್ನ ಭಾವನೂ, ಒಬ್ಬರಿಗೊಬ್ಬರು ತಿಳಿಸದೆಯೇ, ತಲಾ 4,500 ರೂಪಾಯಿ ಕಟ್ಟಿದ್ದೆವು. ಇಬ್ಬರೂ ಒಂದೇ ಗುಂಪಿನಲ್ಲಿದ್ದುದರಿಂದಲೇ ಈ ದಂಧೆಯ ಒಳಮರ್ಮ ನಮಗೆ ಬಯಲಾಯಿತು. ಕುದುರೆಗಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವುಗಳದ್ದೇನೂ ತಪ್ಪಿಲ್ಲ.

ಹಣ ಕಟ್ಟಿದ ಮೇಲೆ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಒಂದು ಪಿಡಿಎಫ್ ಬರುತ್ತದೆ. ನನಗೆ ಬಂದದ್ದು ನೋಡಲು ಬಹಳ ಅಚ್ಚುಕಟ್ಟಾಗಿತ್ತು. ಕುದುರೆಯ ಬಣ್ಣದ ಚಿತ್ರ, ಜಾಕಿಯ ಚಿತ್ರ, ತಂದೆತಾಯಿ ಕುದುರೆಗಳ ಹೆಸರು, ಬೆಳಗಿನ ಓಟದ ಸಮಯ, ಎಲ್ಲವೂ ಇದ್ದವು. ಆದರೆ ಎರಡನೆಯ ಪುಟದಲ್ಲಿ, ದಪ್ಪ ಅಕ್ಷರಗಳಲ್ಲಿ, ‘ಈ ಗಂಡು ಕುದುರೆಗೆ ಹೊರೆ ಕೇವಲ 51 ಕಿಲೋ, ಇದೇ ಇದರ ದೊಡ್ಡ ಅನುಕೂಲ’ ಎಂದು ಬರೆದಿತ್ತು. ರೇಸು ಬಲ್ಲವರು ಅಲ್ಲಿಗೇ ಪಿಡಿಎಫ್ ಮುಚ್ಚಿಡಬೇಕು. ಹೊರೆಯೆಂದರೆ ಜಾಕಿ, ಜೀನು ಸೇರಿ ಕುದುರೆ ಹೊರುವ ತೂಕ. ಹ್ಯಾಂಡಿಕ್ಯಾಪ್ ರೇಸುಗಳಲ್ಲಿ ಮಾತ್ರ ಕುದುರೆಯ ರೇಟಿಂಗಿಗೆ, ಅಂದರೆ ಅದರ ಸಾಮರ್ಥ್ಯಕ್ಕೆ ಕೊಟ್ಟ ಅಂಕಕ್ಕೆ, ತಕ್ಕಂತೆ ಹೊರೆ ಏರಿಳಿಯುತ್ತದೆ. ಡರ್ಬಿ ನಾಲ್ಕು ವರ್ಷದ ಕುದುರೆಗಳಿಗೆ ಮೀಸಲಾದ, ಹೊರೆ ಮೊದಲೇ ನಿಗದಿಯಾಗಿರುವ ‘ಟರ್ಮ್ಸ್’ ರೇಸು. ಅಲ್ಲಿ ಗಂಡು ಕುದುರೆಗಳೆಲ್ಲವೂ ಹೊರುವುದು 57 ಕಿಲೋ, ಹೆಣ್ಣುಕುದುರೆಗಳಿಗೆ ಒಂದೂವರೆ ಕಿಲೋ ವಿನಾಯಿತಿ. ಡರ್ಬಿಯಲ್ಲಿ ಗಂಡು ಕುದುರೆಗೆ 51 ಕಿಲೋ ಎಂದು ಬರೆಯುವವನು ಲಾಯದ ಒಳಗಿರಲಿ, ಓಡುವ ಕುದುರೆಗಳ ಪಟ್ಟಿಯಾದ ರೇಸ್ ಕಾರ್ಡನ್ನೂ ತೆರೆದು ನೋಡಿದವನಲ್ಲ. ಬೇರಾವುದೋ ಹ್ಯಾಂಡಿಕ್ಯಾಪ್ ರೇಸಿಗೆ ಮಾಡಿದ್ದ ಪುಟವನ್ನೇ ಹೆಸರು ಬದಲಾಯಿಸಿ ನಮಗೆ ಕಳುಹಿಸಿದ್ದನೆಂದು ಕಾಣುತ್ತದೆ.

ಇದನ್ನು ಫೋನಿನಲ್ಲಿ ಕೇಳಿದಾಗ ಗುಂಪು ನಡೆಸುವವನು ವಿಚಲಿತನಾಗಲಿಲ್ಲ. ‘ಸರ್, ಅದೆಲ್ಲಾ ಟೈಪಿಂಗ್ ಮಿಸ್ಟೇಕು. ನೀವು ತೂಕ ನೋಡ್ಬೇಡಿ, ಟೈಮಿಂಗ್ ನೋಡಿ. ಆರುನೂರು ಮೀಟರು ಮೂವತ್ತೇಳು ಸೆಕೆಂಡು ಸರ್!’ ಎಂದ.

ಈ ಟೈಮಿಂಗಿನ ಮಾತಿಗೆ ಮರುಳಾಗುವವರೇ ಹೆಚ್ಚು, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಬೆಳಗಿನ ಟ್ರ್ಯಾಕ್ ವರ್ಕಿನ, ಅಂದರೆ ತಾಲೀಮು ಓಟದ, ಸಮಯಗಳು ಗುಟ್ಟಿನ ಸರಕಲ್ಲ. ರೇಸ್ ಪುಸ್ತಕಗಳಲ್ಲಿಯೂ ಪತ್ರಿಕೆಗಳ ರೇಸ್ ಅಂಕಣಗಳಲ್ಲಿಯೂ ಅವು ಅಚ್ಚಾಗುತ್ತವೆ, ಪಕ್ಕದಲ್ಲಿ ಕುದುರೆ ಸಲೀಸಾಗಿ ಓಡಿತೋ, ಒತ್ತಾಯಕ್ಕೆ ಓಡಿತೋ ಎಂಬ ಚುಟುಕು ಟಿಪ್ಪಣಿಯೂ ಇರುತ್ತದೆ. ಆ ಟಿಪ್ಪಣಿಯನ್ನು ಕತ್ತರಿಸಿ ಬರಿಯ ಅಂಕಿಯನ್ನು ಮಾರುವುದೇ ಇವರ ಕೈಚಳಕ. ಓಡಿದ್ದು ಮರಳಿನ ಟ್ರ್ಯಾಕಿನಲ್ಲೋ ಹುಲ್ಲಿನ ಮೇಲೋ, ಒಳಸುತ್ತಿನಲ್ಲೋ ಹೊರಸುತ್ತಿನಲ್ಲೋ, ಬೆನ್ನ ಮೇಲೆ ಇದ್ದದ್ದು ರೇಸಿನ ಜಾಕಿಯೋ ತಾಲೀಮಿನ ಹಗುರಾದ ಸವಾರನೋ (ರೈಡಿಂಗ್ ಬಾಯ್), ಜೊತೆಯಲ್ಲಿ ಇನ್ನೊಂದು ಕುದುರೆ ಇತ್ತೋ ಇಲ್ಲವೋ ಎಂಬುದು ತಿಳಿಯದೆ ಆ ಸೆಕೆಂಡುಗಳಿಗೆ ಅರ್ಥವೇ ಇಲ್ಲ. ಎಲ್ಲವೂ ತಿಳಿದರೂ ಆರುನೂರು ಮೀಟರಿನ ಬಿರುಸು ಕುದುರೆಯ ವೇಗವನ್ನು ಹೇಳುತ್ತದೆಯೇ ಹೊರತು, ಸುಮಾರು ಎರಡೂವರೆ ನಿಮಿಷ ನಡೆಯುವ 2400 ಮೀಟರಿನ ಡರ್ಬಿಯಲ್ಲಿ ಕೊನೆಯ ತಿರುವು ದಾಟಿದ ಮೇಲೆ ಅದರ ದಮ್ಮು ಉಳಿದಿರುತ್ತದೆಯೇ ಎಂಬುದನ್ನು ಹೇಳುವುದಿಲ್ಲ.

ಡರ್ಬಿಯ ಕುದುರೆಗಳನ್ನು ಅಳೆಯುವಾಗ ನಿಜವಾದ ಕಗ್ಗಂಟು ಇರುವುದೂ ಈ ದೂರದಲ್ಲೇ. ಡಿಸೆಂಬರಿನಲ್ಲಿ ಅದೇ ಮಹಾಲಕ್ಷ್ಮಿಯಲ್ಲಿ ನಡೆಯುವ ಗಿನೀಸ್ ರೇಸುಗಳು 1600 ಮೀಟರಿನವು. ಅಲ್ಲಿ ಓಡಿದ ಮೂರು ವರ್ಷದ ಕುದುರೆಗಳು, ಜನವರಿ 1ಕ್ಕೆ ಎಲ್ಲ ಕುದುರೆಗಳ ವಯಸ್ಸೂ ಒಂದೊಂದು ಏರುವುದರಿಂದ, ನಾಲ್ಕು ವರ್ಷದವಾಗಿ ಡರ್ಬಿಗೆ ಬರುತ್ತವೆ, ಬಂದಾಗ ಇದ್ದಕ್ಕಿದ್ದಂತೆ ಎಂಟುನೂರು ಮೀಟರು ಹೆಚ್ಚು ಓಡಬೇಕಾಗುತ್ತದೆ. ಬೆಂಗಳೂರಿನಲ್ಲಿ ತರಬೇತಿ ಪಡೆದ ಡೆಸರ್ಟ್ ಗಾಡ್ 2015-16ರ ಋತುವಿನಲ್ಲಿ ಎರಡನ್ನೂ ಗೆದ್ದಿತು ನಿಜ, ಆದರೆ ಅಂಥ ಕುದುರೆ ಪ್ರತಿ ವರ್ಷ ಹುಟ್ಟುವುದಿಲ್ಲ. ಗಿನೀಸಿನಲ್ಲಿ ಗೆದ್ದ ಕುದುರೆಗಿಂತ, ಹಿಂದೆ ಉಳಿದು ಕೊನೆಯ ಇನ್ನೂರು ಮೀಟರಿನಲ್ಲಿ ಅಂತರವನ್ನು ಕಡಿಮೆ ಮಾಡುತ್ತ ಬಂದ ಮೂರನೆಯ ಅಥವಾ ನಾಲ್ಕನೆಯ ಕುದುರೆಯೇ ಡರ್ಬಿಗೆ ಹೆಚ್ಚು ಒಗ್ಗಬಹುದು. ಅದರ ತಾಯಿಯ ಕಡೆಯ ಕುದುರೆಗಳು ಎಷ್ಟು ದೂರದ ರೇಸುಗಳಲ್ಲಿ ಗೆದ್ದಿವೆ ಎಂದು ನೋಡಿದರೆ ಅನುಮಾನ ಇನ್ನಷ್ಟು ತಿಳಿಯಾಗುತ್ತದೆ. ನಮ್ಮ ಪಿಡಿಎಫ್‌ನಲ್ಲಿ ವಂಶಾವಳಿ ಇತ್ತು, ಆದರೆ ಅದರಿಂದ ಏನು ತಿಳಿಯಬೇಕು ಎಂಬ ಒಂದು ಸಾಲೂ ಇರಲಿಲ್ಲ. ಬದಲಾಗಿ, ‘ಹೆಣ್ಣುಕುದುರೆಗಳು ಡರ್ಬಿ ಗೆಲ್ಲುವುದಿಲ್ಲ, ಅವನ್ನು ಲೆಕ್ಕದಿಂದ ಬಿಡಿ’ ಎಂಬ ಖಚಿತ ತೀರ್ಪಿತ್ತು. 1943ರಲ್ಲಿ ನಡೆದ ಮೊದಲ ಇಂಡಿಯನ್ ಡರ್ಬಿಯನ್ನು ಗೆದ್ದ ಪ್ರಿನ್ಸೆಸ್ ಬ್ಯೂಟಿಫುಲ್ ಹೆಣ್ಣುಕುದುರೆಯೇ!

ರೇಸಿಗೆ ಮುಂಚೆ ಭಾವ ಫೋನ್ ಮಾಡಿದರು. ಮಾತು ಡರ್ಬಿಯ ಕಡೆ ತಿರುಗಿ, ಇಬ್ಬರೂ ಅದೇ ಗುಂಪಿನವರೆಂದು ಗೊತ್ತಾಯಿತು. ‘ನಿನಗೆ ಯಾವ ಕುದುರೆ ಕೊಟ್ಟ?’ ಎಂದು ಕೇಳಿದರು. ಹೇಳಿದೆ. ‘ನನಗೆ ಬೇರೇನೇ ಕೊಟ್ಟಿದ್ದಾನಲ್ಲೋ!’ ಎಂದರು. ಎರಡೂ ಪಿಡಿಎಫ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಕುದುರೆಯ ಹೆಸರು, ಚಿತ್ರ ಮತ್ತು ವಂಶಾವಳಿ ಬೇರೆ, ಉಳಿದದ್ದೆಲ್ಲ ಅಕ್ಷರಶಃ ಒಂದೇ. ಮೂವತ್ತೇಳು ಸೆಕೆಂಡೂ ಅದೇ, 51 ಕಿಲೋ ಕೂಡ ಅದೇ.

ಲೆಕ್ಕ ಸರಳವಾಗಿದೆ. ಸಾವಿರ ಮಂದಿ ಹಣ ಕಟ್ಟಿದ್ದಾರೆ, ಗೆಲ್ಲಬಹುದಾದ ಕುದುರೆಗಳು ಎಂಟು ಇವೆ ಎಂದುಕೊಳ್ಳಿ. ತಲಾ 125 ಮಂದಿಗೆ ಒಂದೊಂದು ಕುದುರೆಯ ಹೆಸರು ಕಳುಹಿಸಿದರೆ, ಆ ಎಂಟರಲ್ಲಿ ಯಾವುದು ಗೆದ್ದರೂ 125 ಮಂದಿ ಅವನನ್ನು ದೇವರೆಂದೇ ನಂಬುತ್ತಾರೆ. ಸೋತವರ ಸಂದೇಶಗಳು ಗುಂಪಿನಿಂದ ಅಳಿಸಿಹೋಗುತ್ತವೆ, ಗೆದ್ದವರ ಸ್ಕ್ರೀನ್‌ಶಾಟುಗಳು ಮುಂದಿನ ರೇಸಿನ ಜಾಹೀರಾತಾಗುತ್ತವೆ. ನಾವು ಸೇರುವಾಗ ನೋಡಿ ನಂಬಿದ್ದ ಸ್ಕ್ರೀನ್‌ಶಾಟುಗಳು ಸುಳ್ಳಾಗಿರಬೇಕಾಗಿಯೂ ಇರಲಿಲ್ಲ.

ಇದಕ್ಕಿಂತ ಅಪಾಯಕಾರಿಯಾದದ್ದು ನಂತರ ಬಂದಿತು. ರೇಸಿನ ಬಾಜಿಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇ 28ರಿಂದ ಶೇ 40ಕ್ಕೆ ಏರಿದೆ. ಅದನ್ನೇ ನೆಪ ಮಾಡಿ, ‘ಕ್ಲಬ್ಬಿನಲ್ಲಿ ಯಾಕೆ ಕಟ್ತೀರಿ, ನಮ್ಮ ಐಡಿ ತಗೊಳ್ಳಿ, ಟ್ಯಾಕ್ಸ್ ಇಲ್ಲ’ ಎಂಬ ಸಂದೇಶ ಬಂತು. ಐಡಿ ಎಂದರೆ ಅವರದೇ ಆನ್‌ಲೈನ್ ಬಾಜಿಯ ಖಾತೆ. ಕಾನೂನುಬಾಹಿರವಲ್ಲವೇ ಎಂದು ಭಾವ ಕೇಳಿದ್ದಕ್ಕೆ, ಕುದುರೆ ಓಟ ಕೌಶಲದ ಆಟವೆಂದು ಸುಪ್ರೀಂ ಕೋರ್ಟೇ ಹೇಳಿದೆ ಎಂಬ ಉತ್ತರ. 1996ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ನ್ಯಾಯಾಲಯ ಹಾಗೆ ಹೇಳಿದ್ದು ನಿಜ. ಆದರೆ ಆ ತೀರ್ಪು ಪರವಾನಗಿ ಇಲ್ಲದ ಬುಕ್ಕಿಗೆ ರಕ್ಷೆಯಾಗುವುದಿಲ್ಲ. ಭಾವ ಆ ಐಡಿಗೆ ಹಣ ಹಾಕಿದ್ದರು. ಅವರಿಗೆ ಕೊಟ್ಟ ಕುದುರೆ ಮೂರನೆಯದಾಗಿ ಬಂದು, ಪ್ಲೇಸ್ ಬಾಜಿಯಲ್ಲಿ (ಕುದುರೆ ಮೊದಲ ಕೆಲವು ಸ್ಥಾನಗಳಲ್ಲಿ ಬಂದರೂ ಗೆಲ್ಲುವ ಬಾಜಿ) ಪರದೆಯ ಮೇಲೆ ಗೆಲುವಿನ ಮೊತ್ತವೂ ಕಾಣಿಸಿತು. ಅದನ್ನು ಖಾತೆಗೆ ವರ್ಗಾಯಿಸಲು ಮೊದಲು ‘ಭದ್ರತಾ ಠೇವಣಿ’ ಕಟ್ಟಬೇಕೆಂದರು, ಕಟ್ಟಿದ ಮೇಲೆ ಐಡಿಯೇ ತೆರೆಯಲಿಲ್ಲ. ಪಿಡಿಎಫ್‌ಗೆ ಹಣ ಪಡೆದ ಕ್ಯೂಆರ್ ಕೋಡಿನಲ್ಲಿ ಬಂದ ಹೆಸರೂ ಐಡಿಯ ಕ್ಯೂಆರ್ ಕೋಡಿನಲ್ಲಿ ಬಂದ ಹೆಸರೂ ಒಂದೇ ಎಂಬುದನ್ನು ನಾವು ಗಮನಿಸಿದ್ದು ಆಮೇಲೆ. ಅಂದರೆ ಗೆಲ್ಲುವ ಕುದುರೆ ಹೇಳುತ್ತೇನೆಂದು ಹಣ ಪಡೆದವನೂ, ನಾವು ಸೋತರೆ ಲಾಭ ಮಾಡಿಕೊಳ್ಳುವವನೂ ಒಬ್ಬನೇ.

ಇಂಥದ್ದಕ್ಕೆ ಈಗಾಗಲೇ ಹಣ ಕಟ್ಟಿದ್ದವರು ತಡಮಾಡದೆ 1930ಕ್ಕೆ ಕರೆ ಮಾಡಿ ಸೈಬರ್ ದೂರು ದಾಖಲಿಸಿ, ಬ್ಯಾಂಕಿಗೂ ತಿಳಿಸಿ. ದೂರು ಬೇಗ ತಲುಪಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚಿರುತ್ತದೆ. ಗುಂಪಿನಿಂದ ಹೊರಬರುವ ಮುನ್ನ ಪಿಡಿಎಫ್, ಕ್ಯೂಆರ್ ಕೋಡ್, ಯುಪಿಐ ವಹಿವಾಟಿನ ಸಂಖ್ಯೆ ಮತ್ತು ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ಏಕೆಂದರೆ ನಮ್ಮ ಗುಂಪು ರೇಸು ಮುಗಿದ ರಾತ್ರಿಯೇ ಮಾಯವಾಯಿತು. ಭಾವ ದೂರು ಕೊಟ್ಟಿದ್ದಾರೆ, ಹಣ ಇನ್ನೂ ಬಂದಿಲ್ಲ. ಅದೇ ವಿನ್ಯಾಸದ ಪಿಡಿಎಫ್‌ನ ಮೊದಲ ಪುಟ ಈಗ ಬೇರೆ ಗುಂಪಿನ ಹೆಸರಿನಲ್ಲಿ, ಜುಲೈನ ಬೆಂಗಳೂರು ಡರ್ಬಿಗೆಂದು ಹರಿದಾಡುತ್ತಿದೆ. ನಿಮಗೂ ಬಂದರೆ ಎರಡನೆಯ ಪುಟದಲ್ಲಿ ಹೊರೆಯ ಸಾಲು ಏನಿದೆ ಎಂದು ನೋಡಿ.