ಡಿವಿಡಿಯಿಂದ ಪರಿವರ್ತಿಸಿದ ವಿಡಿಯೊಗಳಿಗೆ ವಿಎಲ್‌ಸಿ: ಒಂದು ವಿಮರ್ಶೆ

ಡಿವಿಡಿಗಳನ್ನು ಎಂಪಿ4 ಅಥವಾ ಎಂಕೆವಿ ಕಡತಗಳಾಗಿ ಪರಿವರ್ತಿಸಿಕೊಂಡವರಿಗೆ ನಿಜವಾದ ತೊಡಕು ಎದುರಾಗುವುದು ಅವನ್ನು ನೋಡಲು ಕುಳಿತಾಗ: ಚಿತ್ರ ಮೂಡಿದರೂ ಧ್ವನಿ ಬರುವುದಿಲ್ಲ, ಬಂದರೂ ತುಟಿಯ ಚಲನೆಗೆ ಹೊಂದುವುದಿಲ್ಲ. ಇಂತಹ ಕಡತಗಳನ್ನು ನೋಡುವುದಕ್ಕಷ್ಟೇ ಅಲ್ಲದೆ ದೋಷ ಎಲ್ಲಿದೆಯೆಂದು ಪತ್ತೆಹಚ್ಚುವುದಕ್ಕೂ ನಾನು ನೆಚ್ಚಿಕೊಂಡಿರುವುದು ವಿಎಲ್‌ಸಿ ಪ್ಲೇಯರನ್ನು. 1996ರಲ್ಲಿ ಫ್ರಾನ್ಸ್‌ನ ವಿದ್ಯಾರ್ಥಿಗಳ ಯೋಜನೆಯಾಗಿ ಆರಂಭವಾದ ಈ ತಂತ್ರಾಂಶ ಇಂದಿಗೂ ಉಚಿತವಾಗಿದೆ.

ಬಹುತೇಕ ಕೋಡೆಕ್‌ಗಳು, ಅಂದರೆ ಚಿತ್ರ ಮತ್ತು ಧ್ವನಿಯನ್ನು ಸಂಕುಚಿಸುವ ಹಾಗೂ ಬಿಡಿಸುವ ವಿಧಾನಗಳು, ಇದರೊಳಗೇ ಅಡಕವಾಗಿವೆ. ಡಿವಿಡಿಯ ಧ್ವನಿ ಅನೇಕ ವೇಳೆ ಎಸಿ-3 (ಡಾಲ್ಬಿ ಡಿಜಿಟಲ್) ಎಂಬ ಸಂಕುಚಿತ ರೂಪದಲ್ಲಿರುತ್ತದೆ. ಪರಿವರ್ತಿಸುವಾಗ ಅದನ್ನು ಹಾಗೆಯೇ ಉಳಿಸಿಕೊಂಡಿದ್ದರೆ, ಎಸಿ-3 ಅರಿಯದ ಪ್ಲೇಯರ್‌ಗಳಲ್ಲಿ ಚಿತ್ರ ಮೂಕವಾಗುತ್ತದೆ. ಅದೇ ಕಡತದ ಧ್ವನಿ ವಿಎಲ್‌ಸಿಯಲ್ಲಿ ಸರಿಯಾಗಿ ಕೇಳಿಸಿದರೆ ಕಡತ ಕೆಟ್ಟಿಲ್ಲವೆಂದು ತಿಳಿಯಬಹುದು. ವಿಂಡೋಸ್‌ನಲ್ಲಿ ಕಂಟ್ರೋಲ್ ಮತ್ತು ಜೆ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕೋಡೆಕ್, ಫ್ರೇಮ್ ದರ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಮುಂತಾದ ವಿವರಗಳು ತೆರೆದುಕೊಳ್ಳುತ್ತವೆ. ಊಹೆಯ ಬದಲು ಇಲ್ಲಿಂದಲೇ ತಪಾಸಣೆ ಆರಂಭಿಸುವುದು ಒಳ್ಳೆಯದು.

ಡಿವಿಡಿಯ ಚಿತ್ರ ಅನೇಕ ವೇಳೆ ಇಂಟರ್‌ಲೇಸ್ ಆಗಿರುತ್ತದೆ, ಅಂದರೆ ಸಮ ಮತ್ತು ಬೆಸ ಸಾಲುಗಳು ಬೇರೆ ಬೇರೆ ಕ್ಷಣಗಳಲ್ಲಿ ದಾಖಲಾಗಿರುತ್ತವೆ. ಪರಿವರ್ತಿಸುವಾಗ ಇದನ್ನು ಸರಿಪಡಿಸದಿದ್ದರೆ, ಯಾರಾದರೂ ಕೈ ಬೀಸಿದೊಡನೆ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತಹ ಗೆರೆಗಳು ಏಳುತ್ತವೆ, ಕೈ ನಿಂತಾಗ ಮಾಯವಾಗುತ್ತವೆ. ಡಿ ಕೀಲಿ ಒತ್ತಿ ಡಿಇಂಟರ್‌ಲೇಸ್ ಚಾಲನೆಗೊಳಿಸಿದರೆ ಈ ಗೆರೆಗಳು ಬಹುಮಟ್ಟಿಗೆ ಅಳಿಯುತ್ತವೆ. ಮುಖಗಳು ಸಪೂರವಾಗಿ ಉದ್ದುದ್ದ ಕಂಡರೆ, ಪಾಲ್ ಎಂಬ ಟಿವಿ ಮಾನಕದ 720×576 ಬಿಂದುಗಳ ಚಿತ್ರವನ್ನು 16:9ಕ್ಕೆ ಹಿಗ್ಗಿಸಬೇಕೆಂಬ ಸೂಚನೆ ಕಡತದಲ್ಲಿ ಉಳಿದಿಲ್ಲವೆಂದು ಶಂಕಿಸಬಹುದು. ಎ ಕೀಲಿ ಅನುಪಾತವನ್ನು ಬದಲಿಸುತ್ತದೆ. ತುಟಿಯ ಚಲನೆಗೆ ಧ್ವನಿ ಹೊಂದದಿದ್ದರೆ, ಜೆ ಮತ್ತು ಕೆ ಕೀಲಿಗಳು ಅದನ್ನು 50 ಮಿಲಿಸೆಕೆಂಡುಗಳಂತೆ ಹಿಂದೆ ಮುಂದೆ ಸರಿಸುತ್ತವೆ.

ಆದರೆ ಈ ತಿದ್ದುಪಡಿಗಳಿಂದ ಕಡತ ಬದಲಾಗುವುದಿಲ್ಲ. ಅದನ್ನೇ ಪೆನ್‌ಡ್ರೈವ್‌ನಲ್ಲಿ ಟಿವಿಗೆ ಹಾಕಿದರೆ ಹಳೆಯ ದೋಷಗಳು ಮತ್ತೆ ಕಾಣಿಸಿಕೊಳ್ಳಬಹುದು. ಸೆಟ್ಟಿಂಗ್‌ಗಳ ಪುಟವಂತೂ ಹೊಸಬರಿಗೆ ಗೊಂದಲ ಹುಟ್ಟಿಸುವಷ್ಟು ದಟ್ಟವಾಗಿದೆ. ಆರಂಭದಲ್ಲಿ ಸರಿಯಾಗಿದ್ದ ಧ್ವನಿ ಕೊನೆಕೊನೆಗೆ ಹಿಂದೆ ಬೀಳುತ್ತಿದ್ದರೆ ಜೆ, ಕೆ ಕೀಲಿಗಳು ಸಾಲವು; ಹ್ಯಾಂಡ್‌ಬ್ರೇಕ್‌ನಂತಹ ತಂತ್ರಾಂಶದಲ್ಲಿ ಡಿಇಂಟರ್‌ಲೇಸ್ ಮತ್ತು ಸ್ಥಿರ ಫ್ರೇಮ್ ದರವನ್ನು ಆಯ್ದುಕೊಂಡು ಮೂಲ ಡಿಸ್ಕ್‌ನಿಂದಲೇ ಮತ್ತೊಮ್ಮೆ ಪರಿವರ್ತಿಸಿ ನೋಡುವುದು ಲೇಸು. ಪರಿವರ್ತಿಸಿದ ಕಡತವನ್ನು ಕೊನೆಯವರೆಗೂ ನೋಡಿ ಖಚಿತಪಡಿಸಿಕೊಳ್ಳುವ ತನಕ ಡಿಸ್ಕ್‌ಗಳನ್ನು ಯಾರೂ ಎಸೆಯಬಾರದು.