ಹೊಟ್ಟೆಗೆ ಹಿಪ್ನೋಥೆರಪಿ, ನಿದ್ದೆಗೆ ಯೋಗನಿದ್ರೆ: ಮಾಡಿ ನೋಡಿದ ಮೇಲೆ ನನ್ನ ಹೋಲಿಕೆ

ಟೆನ್ಶನ್ನಿಗೆ ಹಿಪ್ನೋಥೆರಪಿ ಮಾಡಿಸಿಕೊಂಡ್ರಂತೆ, ಅದು ನಿಜವಾಗಿ ಕೆಲಸ ಮಾಡ್ತದಾ, ಯೋಗನಿದ್ರೆ ಮಾಡಿದ್ರೆ ಸಾಕಾಗೋದಿಲ್ವಾ ಎಂದು ಕೇಳುವವರು ಈಗೀಗ ಜಾಸ್ತಿಯಾಗಿದ್ದಾರೆ. ಫೋನಿನಲ್ಲಿ ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವ ಬದಲು ಒಂದೇ ಕಡೆ ಬರೆದುಬಿಡುತ್ತೇನೆ. ಹಿಪ್ನೋಥೆರಪಿ ಎಂದರೆ ಸಮ್ಮೋಹನದ ಸ್ಥಿತಿಗೆ ಒಯ್ದು ಮಾಡುವ ಚಿಕಿತ್ಸೆ, ಯೋಗನಿದ್ರೆ ಎಂದರೆ ಮಲಗಿ ಮೈಯ ಒಂದೊಂದೇ ಭಾಗಕ್ಕೆ ಗಮನ ಕೊಡುವ ವಿಶ್ರಾಂತಿ. ತೀರ್ಮಾನ ಮೊದಲೇ ಹೇಳುತ್ತೇನೆ. ಹೊಟ್ಟೆಯ ತೊಂದರೆಗೆ, ಸರಿಯಾಗಿ ಕಲಿತವರ ಹತ್ತಿರ ಮಾಡಿಸಿಕೊಂಡ ಹಿಪ್ನೋಥೆರಪಿಗೆ ಸಮ ನನಗೆ ಬೇರೆ ಸಿಗಲಿಲ್ಲ. ನಿದ್ದೆಗೆ ಯೋಗನಿದ್ರೆ ಸಾಕು. ದವಡೆ, ಕುತ್ತಿಗೆ ಬಿಗಿತಕ್ಕೆ ಇವೆರಡಕ್ಕಿಂತ, ಸ್ನಾಯು ಬಿಗಿ ಹಿಡಿದು ಬಿಡುವ ಜೇಕಬ್ಸನ್ ವಿಧಾನ ಒಳ್ಳೆಯದು. ಒಂದೇ ದಿನದಲ್ಲಿ ಎಲ್ಲ ಗುಣ ಮಾಡುತ್ತೇವೆ ಎನ್ನುವ ಸಮ್ಮೋಹನ ಶಿಬಿರಕ್ಕೆ ಮಾತ್ರ ಹೋಗಲೇಬೇಡಿ.

ನನಗೆ ಏನಾಗಿತ್ತು ಎಂದು ಹೇಳದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ನಾವಿರುವುದು ಶಿರಸಿ ಹತ್ತಿರದ ಹಳ್ಳಿ. ಸೊಸೈಟಿಯಲ್ಲಿ ಲೆಕ್ಕಪತ್ರದ ಕೆಲಸ, ಮನೆಯಲ್ಲಿ ಸ್ವಲ್ಪ ಅಡಿಕೆ ತೋಟ. ಮಾರ್ಚ್ ಬಂತೆಂದರೆ ವರ್ಷಾಂತ್ಯದ ಲೆಕ್ಕ, ಅದು ಮುಗಿದು ಉಸಿರು ಬಿಡುವಷ್ಟರಲ್ಲಿ ಮಳೆಗಾಲ, ಅಡಿಕೆಗೆ ಕೊಳೆರೋಗ, ಬೋರ್ಡೋ ಮದ್ದು ಹೊಡೆಯಲು ಮರ ಹತ್ತುವ ಕೊನೆಗೌಡ ಸಿಗದ ಚಿಂತೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ನಿದ್ದೆಯಲ್ಲಿ ಹಲ್ಲು ಕಚ್ಚಿ ಹಿಡಿದು ಬೆಳಿಗ್ಗೆ ಕಿವಿಯ ಕೆಳಗೆ ನೋವು. ಎಲ್ಲಕ್ಕಿಂತ ಕಷ್ಟ ಹೊಟ್ಟೆಯದು. ಉಬ್ಬರ, ನುಲಿತ, ಮನೆಯಿಂದ ಹೊರಡುವ ಮೊದಲು ಮತ್ತೆ ಮತ್ತೆ ಹೊರಕಡೆಗೆ ಹೋಗಬೇಕು. ಬನವಾಸಿಗೆ ಮದುವೆಗೆ ಹೋಗುವುದಿದ್ದರೂ ಹಿಂದಿನ ರಾತ್ರಿಯೇ ಊಟ ಬಿಡುತ್ತಿದ್ದೆ, ಯಾಕೆಂದರೆ ಬಸ್ಸಿನಲ್ಲಿ ಅವಸರವಾದರೆ ಎಂತ ಮಾಡುವುದು ಎಂಬ ಭಯ.

ಮೊದಲು ಹೋದದ್ದು ಡಾಕ್ಟರ ಹತ್ತಿರವೇ. ರಕ್ತ, ಥೈರಾಯ್ಡ್, ಮಲ ಎಲ್ಲ ಪರೀಕ್ಷೆ ಆಯಿತು. ಇದು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್), ಕರುಳಿನಲ್ಲಿ ಗಾಯ ಏನೂ ಇಲ್ಲ, ಆದರೆ ಕರುಳು ಮತ್ತು ಮಿದುಳಿನ ನಡುವಿನ ಮಾತುಕತೆ ಹದ ತಪ್ಪಿದೆ ಎಂದರು. ಈ ಹಂತವನ್ನು ದಯವಿಟ್ಟು ಯಾರೂ ಬಿಡಬೇಡಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತ ಕಡಿಮೆ ಇರುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆ ತೊಂದರೆ, ಇವುಗಳಲ್ಲಿ ಒಂದಿದ್ದರೂ ಹಿಪ್ನೋಥೆರಪಿಯ ಮಾತು ಆಮೇಲೆ. ಮಾತ್ರೆ ತೆಗೆದುಕೊಂಡೆ, ಈರುಳ್ಳಿ ಬೆಳ್ಳುಳ್ಳಿ ಕಡಿಮೆ ಮಾಡಿದೆ. ಅಲ್ಪಸ್ವಲ್ಪ ಕಡಿಮೆಯಾಯಿತು, ಆದರೆ ಬಸ್ಸಿನ ಭಯ ಹೋಗಲಿಲ್ಲ.

ಆಗ ಕರಾವಳಿಯ ಒಂದು ಊರಿನಲ್ಲಿ ಶಿಬಿರ ಇದೆ ಎಂದು ಪರಿಚಯದವರು ಕರೆದುಕೊಂಡು ಹೋದರು. ಕಲ್ಯಾಣ ಮಂಟಪ ತುಂಬ ಜನ. ಮೈಕು, ಜೋರು ಸಂಗೀತ, ವೇದಿಕೆ ಮೇಲೆ ಒಬ್ಬ ಹುಡುಗನನ್ನು ಎರಡು ಕುರ್ಚಿಗಳ ನಡುವೆ ಹಲಗೆಯಂತೆ ಮಲಗಿಸಿ ತೋರಿಸಿದರು. ಆ ಆಟಕ್ಕೆ ಸಮ್ಮೋಹನವೇ ಬೇಕಿಲ್ಲ, ಮೈ ಗಟ್ಟಿ ಮಾಡಿ ಮಲಗಿದರೆ ಆರೋಗ್ಯವಂತರಾದ ಎಷ್ಟೋ ಜನ ಸ್ವಲ್ಪ ಹೊತ್ತು ಹಾಗೆ ಇರಬಲ್ಲರು. ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಬಿಪಿ, ಶುಗರ್, ಮೈಗ್ರೇನ್ ಎಲ್ಲದಕ್ಕೂ ಇದೇ ಮದ್ದು, ಮಾತ್ರೆ ನಿಧಾನವಾಗಿ ಬಿಡಬಹುದು ಎಂದರು. ನನ್ನ ಪಕ್ಕದಲ್ಲಿ ಕೂತ ಅಜ್ಜಿ ಬಿಪಿ ಮಾತ್ರೆಯ ಚೀಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು, ಇನ್ನು ಇದು ಬೇಡ್ವಾ ಎಂದು ನನ್ನನ್ನೇ ಕೇಳಿದರು. ಹಾಗಲ್ಲ ಅಜ್ಜಿ, ಡಾಕ್ಟರ್ ಹೇಳದೆ ಮಾತ್ರೆ ಬಿಡಬೇಡಿ ಎಂದು ಅವರಿಗೆ ಮತ್ತೆ ಮತ್ತೆ ಹೇಳಿ ಬಂದೆ. ಮಧ್ಯಾಹ್ನದ ಮೇಲೆ ಹಿಂದಿನ ಜನ್ಮಕ್ಕೆ ಕರೆದೊಯ್ಯುವ ಕಾರ್ಯಕ್ರಮ ಬೇರೆ. ಸಮ್ಮೋಹನದ ಸ್ಥಿತಿಯಲ್ಲಿ ಕೆದಕಿ ಕೆದಕಿ ಕೇಳಿದರೆ ನಡೆಯದೇ ಇದ್ದದ್ದೂ ನಡೆದಂತೆ ನೆನಪಾಗುತ್ತದೆ, ಮತ್ತು ಅದು ನಿಜವೇ ಎಂಬ ಧೈರ್ಯವೂ ಬರುತ್ತದೆ. ಮನಶ್ಶಾಸ್ತ್ರದಲ್ಲಿ ಇದು ಚೆನ್ನಾಗಿ ಗೊತ್ತಿರುವ ಸಂಗತಿ. ಮನೆಮನೆಗಳಲ್ಲಿ ಇದರಿಂದ ಎಂತೆಂಥ ಜಗಳ ಹುಟ್ಟಬಹುದು, ಯೋಚಿಸಿ.

ಗುಂಪಿನಲ್ಲಿ ಮಾಡುವುದೇ ತಪ್ಪು ಎಂದು ಮಾತ್ರ ತಿಳಿಯಬೇಡಿ. ನೆದರ್‌ಲ್ಯಾಂಡ್ಸಿನಲ್ಲಿ ಐಬಿಎಸ್ ಇದ್ದವರ ಮೇಲೆ ನಡೆಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗುಂಪಿನ ಹಿಪ್ನೋಥೆರಪಿಯೂ ಒಬ್ಬೊಬ್ಬರಿಗೇ ಮಾಡಿದ್ದಕ್ಕಿಂತ ಹಿಂದೆ ಬೀಳಲಿಲ್ಲ. ಆದರೆ ಅದು ಚಿಕ್ಕ ಗುಂಪು, ಕಲಿತ ಚಿಕಿತ್ಸಕರು, ವಾರಗಟ್ಟಲೆ ನಡೆದದ್ದು.

ಹಿಪ್ನೋಥೆರಪಿ ಮಾಡಿಸಿಕೊಳ್ಳಲು ಹುಬ್ಬಳ್ಳಿಗೆ ಹೋಗುತ್ತೇನೆ ಎಂದಾಗ ಚಿಕ್ಕಮ್ಮ, ‘ವಶೀಕರಣ ಮಾಡಿಬಿಟ್ರೆ ಎಂತ ಮಾಡ್ತೆ ತಂಗಿ?’ ಎಂದು ಗಾಬರಿಯಾದರು. ಅವರಿಗೆ ಜೇಮ್ಸ್ ಎಸ್ಡೇಲ್ ಕತೆ ಹೇಳಿದೆ. ಈ ಸ್ಕಾಟ್‌ಲ್ಯಾಂಡಿನ ಸರ್ಜನ್ ಬಂಗಾಳದ ಹೂಗ್ಲಿಯಲ್ಲಿ 1845ರಿಂದ, ಅರಿವಳಿಕೆ ಮದ್ದು ಇನ್ನೂ ಬಂದಿರದ ಕಾಲದಲ್ಲಿ, ರೋಗಿಗಳನ್ನು ಈ ತರದ ಸ್ಥಿತಿಗೆ ಒಯ್ದು ದೊಡ್ಡ ದೊಡ್ಡ ಗಡ್ಡೆ ತೆಗೆಯುತ್ತಿದ್ದರು. ಮರುವರ್ಷವೇ ಅರಿವಳಿಕೆಗೆ ಈಥರ್ ಬಂತು, ಇದು ಹಿಂದೆ ಸರಿಯಿತು. ನಮ್ಮ ದೇಶದ ಆಸ್ಪತ್ರೆಯಲ್ಲೇ ನಡೆದದ್ದು ಎಂದ ಮೇಲೆ ಚಿಕ್ಕಮ್ಮನಿಗೆ ಸ್ವಲ್ಪ ಸಮಾಧಾನವಾಯಿತು.

ಹುಬ್ಬಳ್ಳಿ ನಮಗೆ ಹತ್ತಿರ ಹತ್ತಿರ ನೂರು ಕಿಲೋಮೀಟರ್ ದೂರ. ಹೊಟ್ಟೆ ಸರಿಯಿಲ್ಲದವರಿಗೆ ಆ ಪ್ರಯಾಣವೇ ಒಂದು ಪರೀಕ್ಷೆ. ಅಲ್ಲಿನ ಕ್ಲಿನಿಕಲ್ ಸೈಕಾಲಜಿಸ್ಟ್ ಮೊದಲ ದಿನ ಸಮ್ಮೋಹನ ಮಾಡಲೇ ಇಲ್ಲ. ಡಾಕ್ಟರ್ ರಿಪೋರ್ಟು ನೋಡಿದರು, ನಿದ್ದೆ, ಊಟ, ಮನೆ, ಕೆಲಸ ಎಲ್ಲ ಕೇಳಿದರು, ಕರುಳಿನ ಚಿತ್ರ ಬರೆದು ವಿವರಿಸಿದರು. ಟೆನ್ಶನ್ ಆದಾಗ ಕರುಳಿನ ಚಲನೆ ಏರುಪೇರಾಗುತ್ತದೆ, ಅದಕ್ಕಿಂತ ಮುಖ್ಯವಾಗಿ ಬೇರೆಯವರಿಗೆ ಗೊತ್ತೇ ಆಗದಷ್ಟು ಸಣ್ಣ ಗಾಳಿ, ಸಣ್ಣ ಸೆಳೆತವೂ ನಮಗೆ ನೋವಾಗಿ ತಿಳಿಯುತ್ತದೆ. ಆ ಸೂಕ್ಷ್ಮತೆಯನ್ನು ತಗ್ಗಿಸುವುದೇ ಈ ಚಿಕಿತ್ಸೆಯ ಗುರಿ.

ಮುಂದಿನ ಸಲದಿಂದ ಶುರು. ಕುರ್ಚಿಯಲ್ಲಿ ಒರಗಿ ಗೋಡೆಯ ಮೇಲೆ ಒಂದು ಕಡೆ ನೋಡುತ್ತಾ ಇರಬೇಕು, ರೆಪ್ಪೆ ಭಾರವಾದಾಗ ಮುಚ್ಚಬೇಕು. ‘ಭುಜ ಸಡ್ಲ ಬಿಡ್ರಿ, ಅವಸರ ಏನಿಲ್ಲ’ ಎಂದು ಹುಬ್ಬಳ್ಳಿ ಮಾತಿನಲ್ಲಿ ಹೇಳುತ್ತಾ ಹತ್ತರಿಂದ ಒಂದರವರೆಗೆ ಎಣಿಸಿ ಮೆಟ್ಟಿಲು ಇಳಿಸುತ್ತಾರೆ. ಹೊರಗೆ ಆಟೋ ಹಾರ್ನ್ ಕೇಳುತ್ತಿತ್ತು, ಬೇಕೆಂದರೆ ಎದ್ದು ಬರಬಹುದು ಎಂಬ ಅರಿವೂ ಇತ್ತು, ಆದರೆ ಏಳುವ ಮನಸ್ಸು ಬರುತ್ತಿರಲಿಲ್ಲ. ಆಮೇಲೆ ಹೊಟ್ಟೆಯ ಮೇಲೆ ಅಂಗೈ ಇಡಿಸಿ, ಅಲ್ಲಿ ಬಿಸುಪು ಹರಡುತ್ತಿದೆ ಎಂದು ಭಾವಿಸಲು ಹೇಳುತ್ತಾರೆ. ನದಿ ಸರಾಗವಾಗಿ ಹರಿಯುತ್ತಿದೆ ಎನ್ನುವುದು ಅವರ ರೂಢಿಯ ಮಾತು. ನನಗೆ ನದಿ ಕಣ್ಣಿಗೆ ಬರಲಿಲ್ಲ. ನಿಮಗೆ ಇಷ್ಟದ ನೀರು ಯಾವುದು ಎಂದು ಕೇಳಿದರು. ತೋಟದ ಮೇಲಿನಿಂದ ಅಡಿಕೆ ಮರದ ದೋಣಿಯಲ್ಲಿ ಬರುವ ಅಬ್ಬಿ ನೀರು ಎಂದೆ. ಮುಂದೆಲ್ಲ ಅದೇ ನೀರು. ಕಸ ಸಿಕ್ಕಿಕೊಂಡಲ್ಲಿ ಕೈಹಾಕಿ ತೆಗೆಯುತ್ತೀರಿ, ನೀರು ಮೊದಲಿನ ಹಾಗೆ ಸಣ್ಣಗೆ, ಒಂದೇ ಸಮ ಬರುತ್ತದೆ ಎಂದು ನಿಧಾನವಾಗಿ ಹೇಳುತ್ತಿದ್ದರು. ನನ್ನ ಮಾತು, ನನ್ನ ತೋಟ, ನನ್ನ ಹೊಟ್ಟೆ. ಬೇರೆ ಯಾವುದಕ್ಕೂ ಇಲ್ಲದ ಗುಣ ಇದಕ್ಕಿರುವುದು ಇಲ್ಲೇ ಎಂದು ನನಗೆ ಅನಿಸುತ್ತದೆ.

ಇದು ನನ್ನೊಬ್ಬಳ ಅನುಭವದ ಮಾತಲ್ಲ. ಮ್ಯಾಂಚೆಸ್ಟರಿನ ಪೀಟರ್ ವಾರ್ವೆಲ್ ಮತ್ತು ಜೊತೆಗಾರರು ಯಾವ ಮದ್ದಿಗೂ ಬಗ್ಗದ ಐಬಿಎಸ್ ಇದ್ದ 30 ಜನರ ಮೇಲೆ ಇದನ್ನು ಮಾಡಿ 1984ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು, ಮಾತಿನ ಚಿಕಿತ್ಸೆ ಮತ್ತು ಮದ್ದಿಲ್ಲದ ಸುಳ್ಳುಮಾತ್ರೆ ಪಡೆದವರಿಗಿಂತ ಸಮ್ಮೋಹನದವರಿಗೆ ಎಷ್ಟೋ ಹೆಚ್ಚು ಗುಣ ಕಂಡಿತು. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2008ರ ಮಾರ್ಗಸೂಚಿಯೂ 12 ತಿಂಗಳು ಮದ್ದು ಮಾಡಿ ಗುಣ ಕಾಣದವರಿಗೆ ಹಿಪ್ನೋಥೆರಪಿಯಂಥ ಚಿಕಿತ್ಸೆಗಳನ್ನು ಪರಿಗಣಿಸಬೇಕು ಎನ್ನುತ್ತದೆ. ನನಗೆ ಫಲ ನಿಧಾನಕ್ಕೆ ಕಂಡಿತು. ಮೊದಲು ನುಲಿತ ಕಡಿಮೆಯಾಯಿತು, ಉಬ್ಬರ ಆಮೇಲೆ, ಬಸ್ಸಿನ ಭಯ ಕಡೆಗೆ. ಈಗಲೂ ಮಾರ್ಚಿನಲ್ಲಿ ಹೊಟ್ಟೆ ಸ್ವಲ್ಪ ಕೂಗುತ್ತದೆ, ಆದರೆ ಮದುವೆ ಊಟ ಉಂಡು ಬಸ್ ಹತ್ತುತ್ತೇನೆ. ಅವರು ಧ್ವನಿ ರೆಕಾರ್ಡ್ ಮಾಡಿ ಕೊಟ್ಟಿದ್ದರು, ಮನೆಯಲ್ಲಿ ಅದನ್ನು ದಿನಾ ಕೇಳಬೇಕು. ಕೇಳದೆ ಬಿಟ್ಟ ವಾರ ವ್ಯತ್ಯಾಸ ಗೊತ್ತಾಗುತ್ತಿತ್ತು.

ಖರ್ಚು ಇದೆ. ಒಂದು ಸಲಕ್ಕೆ ಸಾವಿರದ ಮೇಲೆ, ಬಸ್ಸು, ಊಟ, ಒಂದು ರಜೆ ಬೇರೆ. ನಡುವೆ ವಿಡಿಯೋ ಕಾಲ್‌ನಲ್ಲೂ ಮಾಡಿದೆವು. ಚೆನ್ನಾಗೇ ಆಯಿತು, ಆದರೆ ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ, ಅರ್ಧದಲ್ಲಿ ಧ್ವನಿ ನಿಂತರೆ ಬಹಳ ಕಿರಿಕಿರಿ.

ಆ್ಯಪ್ ವಿಷಯ ಬೇಗ ಮುಗಿಸುತ್ತೇನೆ. ಹೊಟ್ಟೆಗೆಂದೇ ಮಾಡಿದ ಸಮ್ಮೋಹನದ ಆ್ಯಪ್‌ಗಳಿವೆ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು 2016ರಲ್ಲಿ, ಕರುಳಿನ ಹಿಪ್ನೋಥೆರಪಿಯೂ ಐಬಿಎಸ್‌ಗೆ ಅವರೇ ರೂಪಿಸಿದ ಪಥ್ಯದ ಊಟವೂ ಹೆಚ್ಚುಕಡಿಮೆ ಒಂದೇ ಫಲ ಕೊಡುತ್ತವೆ ಎಂದು ತೋರಿಸಿದ್ದರು. ಆದರೆ ಅದು ಆ್ಯಪ್ ಅಲ್ಲ, ಎದುರಿಗೆ ಕೂತು ಮಾಡಿದ ಚಿಕಿತ್ಸೆ. ನಾನು ಬಳಸಿದ ಆ್ಯಪ್ ಇಂಗ್ಲಿಷಿನದು. ಅರ್ಥ ಮಾಡಿಕೊಳ್ಳುವುದರಲ್ಲೇ ತಲೆ ಎಚ್ಚರವಾಗಿರುತ್ತಿತ್ತು, ಮೈ ಬಿಡುತ್ತಿರಲಿಲ್ಲ. ಇಂಗ್ಲಿಷ್ ಸಲೀಸಾಗಿ ಬರುವ ಮಕ್ಕಳಿಗೆ, ಹುಬ್ಬಳ್ಳಿ ಓಡಾಟ ಆಗದವರಿಗೆ ಪರವಾಗಿಲ್ಲ.

ಇನ್ನು ಯೋಗನಿದ್ರೆ. ಈಗ ಎಲ್ಲ ಕಡೆ ಕಲಿಸುವ ಕ್ರಮವನ್ನು ರೂಪಿಸಿದವರು ಮುಂಗೇರಿನ ಬಿಹಾರ ಯೋಗ ವಿದ್ಯಾಲಯದ ಸ್ವಾಮಿ ಸತ್ಯಾನಂದ ಸರಸ್ವತಿ. ಶಿರಸಿಯಲ್ಲಿ ಒಬ್ಬ ಟೀಚರ್ ಹತ್ತಿರ ಕಲಿತೆ. ಚಾಪೆ ಮೇಲೆ ಅಂಗಾತ ಮಲಗಿ ಒಂದು ಸಂಕಲ್ಪ, ಆಮೇಲೆ ಬಲಗೈ ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳು, ಕಿರುಬೆರಳು, ಅಂಗೈ, ಹಿಂಗೈ, ಮಣಿಕಟ್ಟು ಎಂದು ಗಮನ ಮೈಯೆಲ್ಲ ಸುತ್ತುತ್ತದೆ. ಉಸಿರು ಎಣಿಸುವುದು, ಭಾರ ಮತ್ತು ಹಗುರ ಎರಡನ್ನೂ ಅನುಭವಿಸುವುದು, ಕಡೆಗೆ ಮನಸ್ಸಿನಲ್ಲಿ ಚಿತ್ರ. ಹಿಪ್ನೋಥೆರಪಿಗೆ ಬಹಳ ಹತ್ತಿರ, ಅಲ್ವಾ? ವ್ಯತ್ಯಾಸ ಏನೆಂದರೆ ಇದು ಎಲ್ಲರಿಗೂ ಒಂದೇ, ನನ್ನ ಹೊಟ್ಟೆಗೆಂದು ಯಾರೂ ಏನೂ ಹೇಳುವುದಿಲ್ಲ. ಹೊಟ್ಟೆಗೆ ನನಗೆ ಇದರಿಂದ ಅಂಥ ಫಲ ಸಿಗಲಿಲ್ಲ. ಆದರೆ ರಾತ್ರಿ ಮೂರು ಗಂಟೆಯ ಎಚ್ಚರಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಎಡಗಾಲಿನ ಬೆರಳು ಬರುವಷ್ಟರಲ್ಲಿ ನಿದ್ದೆ ಹತ್ತಿರುತ್ತದೆ. ಯೋಗದವರು ಹಾಗೆ ಮಲಗಬಾರದು ಎನ್ನುತ್ತಾರೆ, ನನಗೆ ಬೇಕಿದ್ದದ್ದು ನಿದ್ದೆಯೇ. ಆಯಿ ಹಳೆಯ ಉಪಾಯ ಹೇಳುತ್ತಾರೆ, ಊಟದ ಕೊನೆಗೆ ಒಂದು ಲೋಟ ಅಪ್ಪೆಹುಳಿ, ಅಂದರೆ ಮಾವಿನಕಾಯಿಯ ತಿಳಿ ಸಾರು. ಮಧ್ಯಾಹ್ನದ ನಿದ್ದೆಗೆ ಅದೂ ಸತ್ಯ.

ಜೇಕಬ್ಸನ್ ವಿಧಾನ ಅತಿ ಸುಲಭ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1920ರ ದಶಕದಲ್ಲಿ ಬೆಳೆಸಿದ್ದು. ಒಂದೊಂದೇ ಸ್ನಾಯುವನ್ನು ಐದಾರು ಸೆಕೆಂಡು ಬಿಗಿ ಹಿಡಿದು ಒಮ್ಮೆಲೇ ಬಿಡಬೇಕು, ಬಿಟ್ಟ ಮೇಲೆ ಅರ್ಧ ನಿಮಿಷ ಆ ಸಡಿಲವನ್ನು ಗಮನಿಸಬೇಕು. ಮುಷ್ಟಿ, ತೋಳು, ಹುಬ್ಬು, ದವಡೆ, ಭುಜ, ಹೊಟ್ಟೆ, ಕಾಲು. ಸೊಸೈಟಿಯಲ್ಲಿ ಕಂಪ್ಯೂಟರ್ ಎದುರು ಕೂತೇ ಭುಜ, ದವಡೆ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಬೆಳಗಿನ ಕಿವಿ ಕೆಳಗಿನ ನೋವು ಇದರಿಂದಲೇ ಕಡಿಮೆಯಾದದ್ದು. ಹಲ್ಲು ಸವೆದಿದ್ದರೆ ಮಾತ್ರ ದಂತವೈದ್ಯರಿಗೂ ತೋರಿಸಿ.

ಕೇಳುವವರಲ್ಲಿ ನನ್ನ ವಯಸ್ಸಿನ ಹೆಂಗಸರು ಬಹಳ. ಮುಟ್ಟು ನಿಲ್ಲುವ ಹೊತ್ತಿಗೆ ಬರುವ ಮೈಬಿಸಿಗೆ ಆಗುತ್ತದಾ ಎಂದರೆ, ಹೌದು, ಹಾರ್ಮೋನ್ ಬೇಡವೆನ್ನುವವರಿಗೆ ಕ್ಲಿನಿಕಲ್ ಹಿಪ್ನೋಸಿಸ್ ಮಾಡಬಹುದು ಎಂದು ಅಮೆರಿಕದ ಮೆನೊಪಾಸ್ ಸೊಸೈಟಿ 2023ರಲ್ಲಿ ಶಿಫಾರಸು ಮಾಡಿದೆ. ಮನೆಯವರ ಕವಳ (ಎಲೆ ಅಡಿಕೆ), ಸಿಗರೇಟು ಇದರಿಂದ ಬಿಡಿಸಲಾ ಎಂದು ಕೇಳಿದರೆ ನಾನು ಹೂಂ ಎನ್ನುವುದಿಲ್ಲ. ಸಿಗರೇಟಿನ ಬಗ್ಗೆ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡುವ ಕಾಕ್ರೇನ್ ಸಂಸ್ಥೆಯ 2019ರ ಪರಿಶೀಲನೆಯಲ್ಲಿ ಬೇರೆ ದಾರಿಗಳಿಗಿಂತ ಇದು ಮೇಲು ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ. ಇಲ್ಲದ್ದು ಕೇಳಿಸುವ, ಇಲ್ಲದ್ದು ಕಾಣುವ ಮಾನಸಿಕ ಕಾಯಿಲೆ ಇದ್ದವರು ತಮ್ಮ ಮನೋವೈದ್ಯರನ್ನು ಕೇಳದೆ ಹೋಗಲೇಬಾರದು.

ಹಾಗಾಗಿ ಬರೀ ಟೆನ್ಶನ್, ನಿದ್ದೆ ಇಲ್ಲ ಎನ್ನುವವರು ಯೋಗನಿದ್ರೆ ಮತ್ತು ಜೇಕಬ್ಸನ್ ಹಿಡಿದು ಕೆಲವು ವಾರ ನೋಡಿ. ಹೊಟ್ಟೆ ಜೊತೆಗೆ ಸೇರಿದ್ದರೆ ಹಿಪ್ನೋಥೆರಪಿಗೆ ದುಡ್ಡು ಹಾಕಿ. ಹೋಗುವ ಮೊದಲು ಫೋನ್ ಮಾಡಿ ಕೇಳಿ: ಮನೋವೈದ್ಯರಾ, ಇಲ್ಲವೇ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟಾ? ಐಬಿಎಸ್ ಇದ್ದವರಿಗೆ ಮಾಡಿ ಅನುಭವ ಇದೆಯಾ? ಕನ್ನಡದಲ್ಲಿ ಮಾಡುತ್ತಾರಾ? ಮನೆಗೆ ರೆಕಾರ್ಡಿಂಗ್ ಕೊಡುತ್ತಾರಾ? ಮೊದಲ ಭೇಟಿಯಲ್ಲೇ ಇಡೀ ಪ್ಯಾಕೇಜಿನ ಹಣ ಕಟ್ಟಿ ಎಂದರೆ ಎದ್ದು ಬನ್ನಿ. ಅಷ್ಟು ದೂರ ಹೋಗಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಿಮ್ಮ ಹತ್ತಿರದಲ್ಲಿ ಯಾರನ್ನು ಕಾಣಬಹುದು ಎಂದು ಅವರನ್ನೂ ಕೇಳಿ ನೋಡಿ.